ಎರಡು ಹೆಸರು, ಒಂದು ರಿಜಿಸ್ಟರು

ಭಾನುವಾರದ ಪತ್ರಿಕೆಯಲ್ಲಿ ವಧು-ವರರ ಜಾಹೀರಾತು ಓದಿ ಬೆಳೆದವರಿಗೆ ಬಾಕ್ಸ್ ನಂಬರ್ ಎಂದರೇನೆಂದು ವಿವರಿಸಬೇಕಿಲ್ಲ. ಹುಡುಗಿಯ ವಯಸ್ಸು, ಗೋತ್ರ, ಓದು, ಎತ್ತರ, ಮೈಬಣ್ಣ ಎಲ್ಲವೂ ಅಚ್ಚಾಗುತ್ತಿತ್ತು. ಹೆಸರು, ವಿಳಾಸ ಮಾತ್ರ ಇರುತ್ತಿರಲಿಲ್ಲ. ಅವುಗಳ ಜಾಗದಲ್ಲಿ ಒಂದು ಸಂಖ್ಯೆ, ಜೊತೆಗೆ ಪತ್ರಿಕಾ ಕಚೇರಿಗೆ ಬರೆಯಿರಿ ಎಂಬ ಸೂಚನೆ. ಮಾಟುಂಗದಿಂದಲೋ ಮಲ್ಲೇಶ್ವರದಿಂದಲೋ ಬರೆದ ಕಾಗದ ಪತ್ರಿಕೆಯ ಕಚೇರಿಗೆ ಹೋಗುತ್ತಿತ್ತು. ಅಲ್ಲಿನ ಗುಮಾಸ್ತರು ರಿಜಿಸ್ಟರು ತೆರೆದು, ಆ ಸಂಖ್ಯೆಯ ಎದುರಿಗಿದ್ದ ನಿಜವಾದ ವಿಳಾಸಕ್ಕೆ ಅದನ್ನು ದಾಟಿಸುತ್ತಿದ್ದರು. ಪಕ್ಕದ ಮನೆಯವರಿಗೂ ಆಫೀಸಿನವರಿಗೂ ಸುಳಿವು ಸಿಗದಂತೆ ಮಗಳ ಮದುವೆಯ ಮಾತು ಶುರುಮಾಡಲು ಒಂದು ಕುಟುಂಬಕ್ಕೆ ಸಿಗುತ್ತಿದ್ದ ಎರಡನೆಯ ಹೆಸರು ಅದು. ಇಡೀ ಏರ್ಪಾಟು ನಿಂತಿದ್ದದ್ದು ಒಂದು ನಂಬಿಕೆಯ ಮೇಲೆ: ಆ ರಿಜಿಸ್ಟರು ಬೇರೆಯವರ ಕೈಗೆ ಹೋಗುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಒಬ್ಬರೇ ಎರಡು ಮೂರು ಹೆಸರು ಇಟ್ಟುಕೊಳ್ಳುವುದರ ಇತಿಹಾಸವೂ ಬಹುಮಟ್ಟಿಗೆ ಈ ರಿಜಿಸ್ಟರಿನ ಇತಿಹಾಸವೇ. ಹೆಸರು ಕಟ್ಟಿಕೊಳ್ಳುವುದು ಯಾವ ಕಾಲದಲ್ಲೂ ಕಷ್ಟವಾಗಿರಲಿಲ್ಲ. ಈ ಹೆಸರೂ ಆ ಹೆಸರೂ ಒಬ್ಬರದೇ ಎಂಬ ಸಾಲು ಎಲ್ಲಿ ಬರೆದಿದೆ, ಅದು ಯಾರ ಬಳಿ ಇದೆ ಎಂಬುದರ ಸುತ್ತಲೇ ಎಲ್ಲ ಜಗಳಗಳೂ ನಡೆದಿವೆ. ಕನ್ನಡದವರಿಗೆ ತಕ್ಷಣ ನೆನಪಾಗುವ ಕಾವ್ಯನಾಮದ ಮಾತು ಬೇರೆ. ಕುವೆಂಪು ಯಾರೆಂದು ಎಲ್ಲರಿಗೂ ಗೊತ್ತು. ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂಬುದು ಗುಟ್ಟಾಗಿರಲಿಲ್ಲ. ಇಲ್ಲಿನ ಮಾತು ಒಂದನ್ನೊಂದು ಗುರುತು ಹಿಡಿಯಬಾರದ ಹೆಸರುಗಳದ್ದು: ಕಚೇರಿಗೆ ಒಂದು, ಯಾರಿಗೂ ಹೇಳದ ಕಾಯಿಲೆಯ ಬಗ್ಗೆ ಕೇಳಲು ಇನ್ನೊಂದು.

ಈ ಕಥೆಯ ಮೊದಲ ದೊಡ್ಡ ಅಧ್ಯಾಯ ನಡೆದದ್ದು ಫಿನ್‌ಲೆಂಡಿನಲ್ಲಿ. 1992ರಲ್ಲಿ ಇಂಟರ್ನೆಟ್ ಎಂದರೆ ಬಹುತೇಕ ವಿಶ್ವವಿದ್ಯಾಲಯಗಳು ಮತ್ತು ಕೆಲವು ಕಂಪನಿಗಳು. ಇಮೇಲ್ ವಿಳಾಸ ಕೊಡುತ್ತಿದ್ದದ್ದು ಕಾಲೇಜು ಅಥವಾ ಕೆಲಸ ಕೊಟ್ಟ ಸಂಸ್ಥೆ. ಯೂಸ್‌ನೆಟ್ ಎಂಬ ಚರ್ಚೆಯ ಜಾಲದಲ್ಲಿ ಏನು ಬರೆದರೂ ಆ ವಿಳಾಸ ತಲೆಯ ಮೇಲೆಯೇ ಕೂತಿರುತ್ತಿತ್ತು. ಸಂಬಳ ಕೊಡುವವರ ಹೆಸರು ಹೊತ್ತುಕೊಂಡೇ ಕುಡಿತ ಬಿಡುವ ಬಗ್ಗೆ, ಬಾಲ್ಯದಲ್ಲಿ ಆದ ದೌರ್ಜನ್ಯದ ಬಗ್ಗೆ ಬರೆಯಬೇಕಾದ ಪರಿಸ್ಥಿತಿ ಅದು. ಆಗ ಫಿನ್‌ಲೆಂಡಿನ ಒಂದು ಚರ್ಚೆಯಲ್ಲಿ ವಿಶ್ವವಿದ್ಯಾಲಯದ ಕೆಲವರು, ಎಲ್ಲರೂ ತಮ್ಮ ನಿಜವಾದ ಹೆಸರಿನಲ್ಲೇ ಬರೆಯಬೇಕು, ಬರೆದದ್ದಕ್ಕೆ ಹೊಣೆ ಹೊರಬೇಕು ಎಂದು ವಾದಿಸಿದರು. ಯೂಹಾನ್ ಹೆಲ್ಸಿಂಗಿಯಸ್ ಎಂಬ ಸ್ವೀಡಿಷ್ ಭಾಷಿಕ ಅಲ್ಪಸಂಖ್ಯಾತ ಸಮುದಾಯದ ತಂತ್ರಜ್ಞ ಅದನ್ನು ಒಪ್ಪಲಿಲ್ಲ. ಅಂಥ ಕಟ್ಟಳೆ ತಂದರೆ ಜಾಲ ಅದರ ಪಕ್ಕದಲ್ಲೇ ದಾರಿ ಮಾಡಿಕೊಳ್ಳುತ್ತದೆ ಎಂಬುದು ಅವರ ವಾದ. ಬಾಯಿಮಾತಿನಲ್ಲಿ ಹೇಳಿ ಬಿಡದೆ, ಎರಡು ದಿನ ಕೂತು ಒಂದು ಪ್ರೋಗ್ರಾಮ್ ಬರೆದು ತೋರಿಸಿದರು. ಅದೇ ಅನಾನ್ ಡಾಟ್ ಪೆನೆಟ್ ಡಾಟ್ ಫಿ.

ಅದು ಕೆಲಸ ಮಾಡುತ್ತಿದ್ದ ರೀತಿ ಬಾಕ್ಸ್ ನಂಬರ್‌ನದೇ. ಆ ಸರ್ವರಿಗೆ ಇಮೇಲ್ ಕಳಿಸಿದರೆ ಅದು ಕಳಿಸಿದವರ ವಿಳಾಸ ಅಳಿಸಿ, ‘ಆನ್’ ಎಂಬ ಎರಡಕ್ಷರ ಮತ್ತು ಒಂದು ಸಂಖ್ಯೆಯ ಹೊಸ ವಿಳಾಸ ಹಚ್ಚಿ ಮುಂದೆ ದಾಟಿಸುತ್ತಿತ್ತು. ಆ ಸಂಖ್ಯೆಗೆ ಯಾರಾದರೂ ಉತ್ತರಿಸಿದರೆ ತನ್ನ ಪಟ್ಟಿ ನೋಡಿ ನಿಜವಾದ ವಿಳಾಸಕ್ಕೆ ತಲುಪಿಸುತ್ತಿತ್ತು. ಉತ್ತರಿಸಿದವರಿಗೂ ತಾನಾಗಿಯೇ ಒಂದು ಸಂಖ್ಯೆ ಸಿಗುತ್ತಿತ್ತು. ಒಂದೇ ಸಂಖ್ಯೆ ಕಾಯಂ ಆಗಿ ಇರುತ್ತಿದ್ದುದರಿಂದ ಅದಕ್ಕೂ ಒಂದು ಹೆಸರು, ಮರ್ಯಾದೆ, ಸ್ನೇಹಿತರು ಹುಟ್ಟಿಕೊಳ್ಳುತ್ತಿದ್ದರು. ಅನಾಮಧೇಯ ಕಾಗದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಅದೇ. ಗೋಡೆಯ ಮೇಲೆ ರಾತ್ರಿ ಬರೆದು ಓಡುವವನಿಗೆ ಉತ್ತರ ಬೇಕಿಲ್ಲ. ಸಂಖ್ಯೆ ಪಡೆದವರಿಗೆ ಉತ್ತರ ಬೇಕಿತ್ತು.

ಈ ಏರ್ಪಾಟಿನಲ್ಲಿ ಎಡವುವ ಜಾಗಗಳೂ ಆಗಲೇ ಕಾಣಿಸಿಕೊಂಡವು. ಆ ಕಾಲದ ಇಮೇಲ್‌ಗಳ ಕೊನೆಯಲ್ಲಿ ಹೆಸರು, ವಿಭಾಗ, ಫೋನ್ ನಂಬರು ಇರುವ ಸಹಿ ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ತಲೆಯಲ್ಲಿ ಸಂಖ್ಯೆ, ಕಾಲಲ್ಲಿ ಪೂರ್ತಿ ಹೆಸರು. ಹಾಗಾಗಿ ಎರಡು ಅಡ್ಡಗೆರೆಯ ನಂತರ ಬರುವುದನ್ನೆಲ್ಲ ಕತ್ತರಿಸುವುದನ್ನು ಸರ್ವರಿಗೆ ಕಲಿಸಬೇಕಾಯಿತು. ಇನ್ನೊಂದು ತೂತು ಜಾಣರು ಕಂಡುಹಿಡಿದದ್ದು. ಆಗಿನ ಇಮೇಲ್‌ನಲ್ಲಿ ಬೇರೆಯವರ ಹೆಸರಿನಿಂದ ಕಳಿಸುವುದು ಮಕ್ಕಳಾಟ. ಯಾರ ಮೇಲೆ ಅನುಮಾನವೋ ಅವರ ವಿಳಾಸ ನಕಲು ಮಾಡಿ ಸರ್ವರಿಗೆ ಒಂದು ಪತ್ರ ಹಾಕಿ, ಅದು ತನಗೇ ಬಂದು ಸೇರುವಂತೆ ಮಾಡಿದರೆ ಮುಗಿಯಿತು: ಪತ್ರ ಬರುವಾಗ ಆ ವ್ಯಕ್ತಿಯ ಗುಟ್ಟಿನ ಸಂಖ್ಯೆಯನ್ನು ಹೊತ್ತು ಬರುತ್ತಿತ್ತು. ಇದನ್ನು ತಡೆಯಲು ಪಾಸ್‌ವರ್ಡ್ ಬಂತು. ಇಂದು ಎರಡು ಖಾತೆ ಇಟ್ಟುಕೊಂಡವರು, ಯಾವುದರಿಂದ ಬರೆಯುತ್ತಿದ್ದೇನೆ ಎಂದು ನೋಡದೆ ಬಟನ್ ಒತ್ತಿ ಪೇಚಿಗೆ ಸಿಲುಕುವ ಬಗೆ ಮೂವತ್ತು ವರ್ಷದಷ್ಟು ಹಳೆಯದು.

ನಾಲ್ಕು ವರ್ಷದೊಳಗೆ ಐದು ಲಕ್ಷಕ್ಕೂ ಹೆಚ್ಚು ಮಂದಿ ಆ ಸಂಖ್ಯೆಗಳನ್ನು ಪಡೆದರು. ದಿನಕ್ಕೆ ಸಾವಿರಾರು ಪತ್ರಗಳು ಅದರ ಮೂಲಕ ಹಾದುಹೋಗುತ್ತಿದ್ದವು. ಬ್ರಿಟನ್ನಿನ ಸಮಾರಿಟನ್ಸ್ ಎಂಬ, ಆತ್ಮಹತ್ಯೆಯ ಯೋಚನೆಯಲ್ಲಿರುವವರ ಮಾತು ಕೇಳುವ ಸಂಸ್ಥೆ ಅದೇ ಸರ್ವರಿನಲ್ಲಿ ಒಂದು ವಿಳಾಸ ಇಟ್ಟುಕೊಂಡಿತ್ತು. ಹೆಸರು ಹೇಳದೆ ಸಾಯುವ ಮಾತಾಡಬಲ್ಲ ಜಾಗ ಬೇಕಾದವರಿಗೆ ಅದಕ್ಕಿಂತ ಸರಳವಾದದ್ದು ಆಗ ಇರಲಿಲ್ಲ. ಬೈಗುಳಕ್ಕೂ ಕುಚೋದ್ಯಕ್ಕೂ ಅದೇ ಸರ್ವರು ಬಳಕೆಯಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಾಕ್ಸ್ ನಂಬರಿಗೂ ಕೊಳಕು ಕಾಗದಗಳು ಬರುತ್ತಿದ್ದವು.

ಹೆಲ್ಸಿಂಗಿಯಸ್ ಅವರ ಸರ್ವರಿನಲ್ಲಿ ಐದು ಲಕ್ಷ ಜನರ ಎರಡೂ ಹೆಸರುಗಳು ಅಕ್ಕಪಕ್ಕ ಇದ್ದವು. 1995ರ ಫೆಬ್ರವರಿಯಲ್ಲಿ ಫಿನ್‌ಲೆಂಡಿನ ಪೊಲೀಸರು ಅವರ ಬಾಗಿಲಿಗೆ ಬಂದರು. ಅಮೆರಿಕದ ಸೈಂಟಾಲಜಿ ಚರ್ಚ್, ತನ್ನ ಕಂಪ್ಯೂಟರಿನಿಂದ ಕದ್ದ ದಾಖಲೆಯನ್ನು ಯಾರೋ ಈ ಸರ್ವರಿನ ಮೂಲಕ ಬಹಿರಂಗ ಮಾಡಿದ್ದಾರೆ ಎಂದು ದೂರು ಕೊಟ್ಟಿತ್ತು. ಆ ದೂರು ಲಾಸ್ ಏಂಜಲೀಸ್‌ನಿಂದ ಇಂಟರ್‌ಪೋಲ್ ಮೂಲಕ ಹೆಲ್ಸಿಂಕಿಗೆ ತಲುಪಿತ್ತು. ಪೊಲೀಸರು ಮೊದಲು ಕೇಳಿದ್ದು ಪೂರ್ತಿ ಪಟ್ಟಿಯನ್ನು. ಮಾತುಕತೆಯಾಗಿ, ಕೊನೆಗೆ ಒಂದೇ ಒಂದು ಸಂಖ್ಯೆಯ ಹಿಂದಿನ ವಿಳಾಸ ಕೊಡುವುದೆಂದು ಒಪ್ಪಂದವಾಯಿತು. ಕೊಟ್ಟದ್ದು ಒಂದೇ ಆದರೂ, ಈ ಪಟ್ಟಿ ಕೇಳಿದರೆ ಸಿಗುತ್ತದೆ ಎಂಬ ಸುದ್ದಿ ಜಗತ್ತಿಗೆಲ್ಲ ಹೋಯಿತು. ಮುಂದಿನ ವರ್ಷ ಅದೇ ಚರ್ಚ್ ಇನ್ನೊಮ್ಮೆ ಬಂತು. 1996ರ ಆಗಸ್ಟ್ 22ರಂದು ಹೆಲ್ಸಿಂಕಿಯ ನ್ಯಾಯಾಲಯ ವಿಳಾಸ ಬಹಿರಂಗ ಮಾಡಬೇಕೆಂದು ಆದೇಶಿಸಿತು. ಅದೇ ದಿನಗಳಲ್ಲಿ ಲಂಡನ್ನಿನ ಅಬ್ಸರ್ವರ್ ಪತ್ರಿಕೆ, ಮಕ್ಕಳ ಅಶ್ಲೀಲ ಚಿತ್ರಗಳ ಹಂಚಿಕೆಗೆ ಈ ಸರ್ವರು ದಾರಿಯಾಗಿದೆ ಎಂದು ಮುಖಪುಟದಲ್ಲಿ ಬರೆಯಿತು. ಫಿನ್‌ಲೆಂಡಿನ ಪೊಲೀಸರು ಅದಕ್ಕೆ ಆಧಾರವಿಲ್ಲ ಎಂದರು. ಆಗಸ್ಟ್ 30ರಂದು ಹೆಲ್ಸಿಂಗಿಯಸ್ ಸರ್ವರು ನಿಲ್ಲಿಸುವುದಾಗಿ ಪ್ರಕಟಿಸಿದರು.

ಹೆಲ್ಸಿಂಗಿಯಸ್ ಮಾತಿಗೆ ತಪ್ಪಿದರು ಎಂದು ಯಾರೂ ಹೇಳಲಾರರು. ಒಬ್ಬ ಒಳ್ಳೆಯ ಮನುಷ್ಯನ ಕೈಯಲ್ಲಿ ಪಟ್ಟಿ ಇದ್ದರೆ ಸಾಕಾಗುವುದಿಲ್ಲ ಎಂಬುದಷ್ಟೇ ಅಲ್ಲಿ ಗೊತ್ತಾದದ್ದು. ಕೋರ್ಟಿನ ಕಾಗದ ಬಂದಾಗ ಒಳ್ಳೆಯತನ ಉತ್ತರವಾಗುವುದಿಲ್ಲ.

ವಿಚಿತ್ರವೆಂದರೆ ಇದಕ್ಕೆ ಪರಿಹಾರ ಹದಿನೈದು ವರ್ಷ ಮೊದಲೇ ಅಚ್ಚಾಗಿತ್ತು. 1981ರಲ್ಲಿ ಅಮೆರಿಕದ ಡೇವಿಡ್ ಚಾಮ್, ಪಟ್ಟಿಯನ್ನೇ ಇಟ್ಟುಕೊಳ್ಳದ ಅಂಚೆಯೊಂದನ್ನು ವಿವರಿಸಿದ್ದರು. ಲಕೋಟೆಯೊಳಗೆ ಲಕೋಟೆ, ಅದರೊಳಗೆ ಇನ್ನೊಂದು. ಪ್ರತಿಯೊಂದು ಅಂಚೆ ಕಚೇರಿ ತನ್ನ ಪದರವನ್ನಷ್ಟೇ ಬಿಚ್ಚಬಲ್ಲದು, ಮುಂದಿನ ಕಚೇರಿಯ ವಿಳಾಸವನ್ನಷ್ಟೇ ಓದಬಲ್ಲದು. ಮೊದಲ ಕಚೇರಿಗೆ ಕಳಿಸಿದವರು ಗೊತ್ತು, ಪಡೆಯುವವರು ಗೊತ್ತಿಲ್ಲ. ಕೊನೆಯದಕ್ಕೆ ಅದರ ತಿರುವುಮುರುವು. 1985ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ಯಾಂಕಿಗೆ ಒಂದು ಗುರುತು, ಆಸ್ಪತ್ರೆಗೆ ಬೇರೊಂದು, ಅಂಗಡಿಗೆ ಮತ್ತೊಂದು. ಎಲ್ಲವನ್ನೂ ಹೊಂದಿಸುವ ಕೀಲಿ ಆ ವ್ಯಕ್ತಿಯ ಜೇಬಿನಲ್ಲಿರುವ ಪುಟ್ಟ ಕಾರ್ಡಿನಲ್ಲಿ ಮಾತ್ರ. ಮೂರು ಸಂಸ್ಥೆಗಳು ಒಟ್ಟಿಗೆ ಕೂತು ಲೆಕ್ಕ ತಾಳೆ ನೋಡಿದರೂ ಮೂವರು ಬೇರೆ ಬೇರೆ ಗಿರಾಕಿಗಳು ಕಾಣಬೇಕು. ಒಬ್ಬರಿಗೆ ಹಲವು ಹೆಸರು ಇರುವುದು ಮೋಸವಲ್ಲ, ಸಾಮಾನ್ಯ ವ್ಯವಹಾರದ ಶಿಸ್ತು ಎಂಬ ಮಾತನ್ನು ಇಷ್ಟು ಗಟ್ಟಿಯಾಗಿ ಅದಕ್ಕಿಂತ ಮುಂಚೆ ಯಾರೂ ಗಣಿತದಲ್ಲಿ ಹೇಳಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಸೇರುತ್ತಿದ್ದ ಸೈಫರ್‌ಪಂಕ್ ಗುಂಪು ಚಾಮ್ ಅವರ ಅಂಚೆಯನ್ನು ನಿಜವಾಗಿಯೂ ಕಟ್ಟತೊಡಗಿತು. 1996ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ನಿಮ್ ಡಾಟ್ ಏಲಿಯಾಸ್ ಡಾಟ್ ನೆಟ್ ಸರ್ವರಿನಲ್ಲಿ ಗುಪ್ತನಾಮ ಪಡೆದವರು ಯಾರೆಂದು ನಡೆಸುವವರಿಗೂ ಗೊತ್ತಿರಲಿಲ್ಲ. ಪೊಲೀಸರು ಬಂದರೆ ಕೊಡಲು ಏನೂ ಇಲ್ಲ. ಆದರೆ ಅದನ್ನು ಬಳಸಲು ಗೂಢಲಿಪಿಯ ಕೀಲಿ ಮಾಡಿಕೊಳ್ಳಬೇಕು, ವಾಪಸು ದಾರಿಯನ್ನು ತಾವೇ ಪದರ ಪದರವಾಗಿ ಕಟ್ಟಬೇಕು. ಕುಡಿತ ಬಿಡುವ ಬಗ್ಗೆ ಬರೆಯಲು ಬಂದವರಿಗೆ ಇಷ್ಟೆಲ್ಲ ಯಾಕೆ ಬೇಕು? ಹೆಲ್ಸಿಂಕಿಯ ಸರ್ವರಿಗೆ ಒಂದು ಇಮೇಲ್ ಹಾಕಿದರೆ ಆಗುತ್ತಿತ್ತು. ಭದ್ರವಾದದ್ದು ಕಷ್ಟ, ಸುಲಭವಾದದ್ದು ಭದ್ರವಲ್ಲ ಎಂಬ ಇಕ್ಕಟ್ಟು ಇವತ್ತಿಗೂ ಹಾಗೇ ಇದೆ.

ಆ ಇಕ್ಕಟ್ಟನ್ನು ಹಣ ಕೊಟ್ಟು ಬಗೆಹರಿಸಬಹುದು ಎಂದು ಕೆನಡಾದ ಮಾಂಟ್ರಿಯಾಲ್‌ನ ಝೀರೋ-ನಾಲೆಜ್ ಸಿಸ್ಟಮ್ಸ್ ಕಂಪನಿ ನಂಬಿತು. 1999ರ ಕೊನೆಗೆ ಅದು ಫ್ರೀಡಮ್ ಎಂಬ ಸಾಫ್ಟ್‌ವೇರ್ ತಂದಿತು. ವರ್ಷಕ್ಕೆ ಸುಮಾರು 50 ಡಾಲರಿಗೆ ಐದು ಹೆಸರುಗಳು. ಕಂಪ್ಯೂಟರಿನ ಮೂಲೆಯ ಪಟ್ಟಿಯಲ್ಲಿ ಈಗ ತಾನು ಯಾರು ಎಂದು ಆರಿಸಿಕೊಂಡರೆ, ಆ ಹೆಸರಿನ ಇಮೇಲ್ ಬೇರೆ, ಕುಕೀಗಳು ಬೇರೆ, ಹೋಗುವ ದಾರಿಯೂ ಬೇರೆ. ಗುಪ್ತನಾಮದಲ್ಲಿರುವಾಗ ಅಪ್ಪಿತಪ್ಪಿ ನಿಜವಾದ ಹೆಸರೋ ಫೋನ್ ನಂಬರೋ ಟೈಪ್ ಮಾಡಿದರೆ ಎಚ್ಚರಿಸುವ ಏರ್ಪಾಟೂ ಇತ್ತು. ಮನುಷ್ಯರು ಎಲ್ಲಿ ಎಡವುತ್ತಾರೆಂದು ಬಲ್ಲವರು ಮಾಡಿದ ವಸ್ತು ಅದು. ಆದರೆ ಕಾಸು ಕೊಟ್ಟು ಹೆಸರು ಕೊಳ್ಳುವ ಗಿರಾಕಿಗಳು ಬೇಕಾದಷ್ಟು ಸಿಗಲಿಲ್ಲ. 2001ರ ಅಕ್ಟೋಬರಿನಲ್ಲಿ ಆ ಜಾಲ ಮುಚ್ಚಿತು. ಅದೇ ವರ್ಷ ಗೂಗಲ್ ಯೂಸ್‌ನೆಟ್‌ನ ಹಳೆಯ ಸಂಗ್ರಹ ಕೊಂಡು, 1981ರಿಂದ ಈಚಿನ ಕೋಟ್ಯಂತರ ಸಂದೇಶಗಳನ್ನು ಹುಡುಕಿಗೆ ತೆರೆದಿಟ್ಟಿತು. ನಾಲ್ಕು ಜನ ಓದಿ ಮರೆಯುತ್ತಾರೆಂದು ಸ್ವಂತ ಹೆಸರಿನಲ್ಲಿ ಬರೆದಿದ್ದವರ ಮಾತೆಲ್ಲ ಕೆಲಸ ಕೊಡುವವರ ಕಣ್ಣಿಗೆ ಬೀಳುವಂತಾಯಿತು.

ಪಟ್ಟಿ ಎಲ್ಲೂ ಇಲ್ಲದಿದ್ದರೂ ಹೆಸರುಗಳು ಕೂಡಿಕೊಳ್ಳುವ ಇನ್ನೊಂದು ಬಗೆ ಇದೆ: ಬರೆದವರೇ ಪಟ್ಟಿಯಾಗುವುದು. ಸಿಲ್ಕ್ ರೋಡ್ ಎಂಬ ಮಾದಕವಸ್ತುಗಳ ಗುಪ್ತ ಮಾರುಕಟ್ಟೆ ನಡೆಸಿದ ರಾಸ್ ಉಲ್ಬ್ರಿಕ್ಟ್‌ನ ತಾಂತ್ರಿಕ ಕೋಟೆ ಗಟ್ಟಿಯಾಗಿತ್ತು. ಆದರೆ 2011ರ ಆರಂಭದಲ್ಲಿ ಮಾರುಕಟ್ಟೆಯ ಪ್ರಚಾರಕ್ಕೆ ಬಳಸಿದ ‘ಆಲ್ಟಾಯ್ಡ್’ ಎಂಬ ಅಡ್ಡಹೆಸರಿನಿಂದಲೇ ಅದೇ ವರ್ಷ ಅಕ್ಟೋಬರಿನಲ್ಲಿ ಕೆಲಸಗಾರರು ಬೇಕೆಂದು ಬರೆದು, ಸಂಪರ್ಕಕ್ಕೆ ತನ್ನ ಪೂರ್ತಿ ಹೆಸರಿದ್ದ ಜಿಮೇಲ್ ಕೊಟ್ಟಿದ್ದ. ಎರಡು ವರ್ಷದ ನಂತರ ತೆರಿಗೆ ಇಲಾಖೆಯ ತನಿಖಾಧಿಕಾರಿಯೊಬ್ಬರು ಗೂಗಲ್‌ನಲ್ಲಿ ಹುಡುಕಿಯೇ ಅದನ್ನು ಹಿಡಿದರು. 2013ರಲ್ಲೇ ರಾಬರ್ಟ್ ಗಾಲ್‌ಬ್ರೈತ್ ಎಂಬ ಹೊಸ ಪತ್ತೇದಾರಿ ಲೇಖಕನ ಹಿಂದೆ ಜೆ. ಕೆ. ರೌಲಿಂಗ್ ಇರುವುದು ಬಯಲಾಯಿತು. ಕಂಪ್ಯೂಟರಿನಿಂದ ಪದಗಳ ಬಳಕೆ ಎಣಿಸಿ ಶೈಲಿ ಪರೀಕ್ಷಿಸಿದ್ದೇ ಸುದ್ದಿಯಲ್ಲಿ ಮೆರೆಯಿತು; ಆದರೆ ಮೊದಲ ಸುಳಿವು ಬಂದದ್ದು ಅವರ ವಕೀಲರೊಬ್ಬರು ಹೆಂಡತಿಯ ಗೆಳತಿಗೆ ಹೇಳಿದ ಮಾತಿನಿಂದ. ಗುಟ್ಟು ಸೋರಲು ಊಟದ ಮೇಜು ಸಾಕಿತ್ತು. ಶೈಲಿಯ ಪರೀಕ್ಷೆಯನ್ನೂ ಹಗುರವಾಗಿ ನೋಡುವಂತಿಲ್ಲ. 2012ರಲ್ಲಿ ಅರವಿಂದ್ ನಾರಾಯಣನ್ ಮತ್ತು ಸಂಗಡಿಗರು ಒಂದು ಲಕ್ಷ ಬ್ಲಾಗುಗಳ ನಡುವೆ, ಬರವಣಿಗೆಯ ಚಹರೆ ಹಿಡಿದು, ಐದರಲ್ಲಿ ಒಬ್ಬರನ್ನು ಸರಿಯಾಗಿ ಗುರುತಿಸಿ ತೋರಿಸಿದ್ದರು.

ಇತ್ತ ಹೆಲ್ಸಿಂಕಿಯಲ್ಲಿ ಶುರುವಾದ ಮೂಲ ವಾದ, ಎಲ್ಲರೂ ನಿಜನಾಮದಲ್ಲೇ ಬರೆಯಬೇಕು ಎಂಬುದು, ಒಂದು ದೇಶದ ಕಾನೂನೇ ಆಯಿತು. ದಕ್ಷಿಣ ಕೊರಿಯಾ 2007ರಲ್ಲಿ, ಕೆಟ್ಟ ಮಾತು ತಡೆಯಲೆಂದು, ದೊಡ್ಡ ಜಾಲತಾಣಗಳಲ್ಲಿ ಬರೆಯುವ ಮೊದಲು ಪೌರ ನೋಂದಣಿ ಸಂಖ್ಯೆಯಿಂದ ಗುರುತು ಖಚಿತಪಡಿಸುವುದನ್ನು ಕಡ್ಡಾಯ ಮಾಡಿತು. ಮೊದಲು ದಿನಕ್ಕೆ ಮೂರು ಲಕ್ಷ ಮಂದಿ ಬರುವ ತಾಣಗಳಿಗೆ, 2009ರಿಂದ ಒಂದು ಲಕ್ಷ ಬರುವವಕ್ಕೂ. ಹೀಗೆ ಪ್ರತಿಯೊಂದು ದೊಡ್ಡ ತಾಣವೂ ಒಂದೊಂದು ಹೆಲ್ಸಿಂಕಿ ಪಟ್ಟಿ ಇಟ್ಟುಕೊಂಡಂತಾಯಿತು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿತ್ತು. ಸುಮಾರು ಐದು ಕೋಟಿ ಜನಸಂಖ್ಯೆಯ ದೇಶದಲ್ಲಿ ಮೂರೂವರೆ ಕೋಟಿ ಜನರ ವಿವರ ಒಂದೇ ಸಲ ಹೊರಗೆ ಹೋಯಿತು. 2012ರ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದು ಮಾಡಿತು. ಕೆಟ್ಟ ಮಾತು ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ, ಜನ ವಿದೇಶಿ ತಾಣಗಳಿಗೆ ಓಡಿದ್ದಾರೆ ಎಂಬುದು ಅದಕ್ಕೆ ಕಂಡ ಸಂಗತಿ. ನಿಜನಾಮ ಬಂದರೆ ಸಭ್ಯತೆ ಬರುತ್ತದೆ ಎಂದು ಇವತ್ತೂ ವಾದಿಸುವವರು ಈ ಐದು ವರ್ಷದ ಕೊರಿಯಾವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕಂಪನಿಗಳು ಅದನ್ನು ಕಾನೂನಿಲ್ಲದೆಯೇ ಮಾಡಿದವು. ಒಬ್ಬರಿಗೆ ಎರಡು ಗುರುತು ಇರುವುದು ಪ್ರಾಮಾಣಿಕತೆಯ ಕೊರತೆ ಎಂಬ ಅರ್ಥದ ಮಾತನ್ನು ಮಾರ್ಕ್ ಝುಕರ್‌ಬರ್ಗ್ ಆಡಿದ್ದು 2010ರಲ್ಲಿ ಪ್ರಕಟವಾದ ಫೇಸ್‌ಬುಕ್ ಇತಿಹಾಸವೊಂದರಲ್ಲಿ ದಾಖಲಾಗಿದೆ. ಮನೆಯಲ್ಲಿ ಒಂದು ಮಾತು, ಆಫೀಸಿನಲ್ಲಿ ಇನ್ನೊಂದು ಮಾತು ಆಡಿ ಬದುಕುವ ಎಲ್ಲರನ್ನೂ ಒಂದೇ ಏಟಿಗೆ ಅಪ್ರಾಮಾಣಿಕರನ್ನಾಗಿಸುವ ಮಾತು ಅದು. 2011ರಲ್ಲಿ ಗೂಗಲ್ ಪ್ಲಸ್ ನಿಜವೆನಿಸದ ಹೆಸರಿನ ಖಾತೆಗಳನ್ನು ಅಮಾನತು ಮಾಡಿ, ಮೂರು ವರ್ಷದ ನಂತರ ಆ ನಿಯಮ ಕೈಬಿಟ್ಟಿತು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡ್ರ್ಯಾಗ್ ಕಲಾವಿದರ ಖಾತೆಗಳನ್ನು ತಡೆಹಿಡಿದ ಫೇಸ್‌ಬುಕ್ ಕ್ಷಮೆ ಕೇಳಬೇಕಾಯಿತು.

ಆದರೆ ಹೆಸರಿನ ಜಗಳ ನಡೆಯುತ್ತಿದ್ದಾಗ ಪಟ್ಟಿ ಸದ್ದಿಲ್ಲದೆ ಬೇರೆಡೆಗೆ ಹೋಗಿತ್ತು. ಹೆಸರು ಏನಾದರೂ ಇಟ್ಟುಕೊಳ್ಳಿ, ಫೋನ್ ನಂಬರು ಕೊಡಿ ಎಂಬುದು ಹೊಸ ಪದ್ಧತಿ. ಭದ್ರತೆಗಾಗಿ ಎಂದು ಪಡೆದ ಫೋನ್ ನಂಬರನ್ನು ಫೇಸ್‌ಬುಕ್ ಜಾಹೀರಾತಿಗೂ ಬಳಸಿದ್ದು, 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 500 ಕೋಟಿ ಡಾಲರ್ ದಂಡ ಹಾಕಿದಾಗಿನ ಆರೋಪಗಳಲ್ಲಿ ಒಂದು. ಅದಕ್ಕಿಂತ ಆಳವಾದದ್ದು ಇನ್ನೊಬ್ಬರ ಫೋನಿನ ಸಂಗತಿ. ಪತ್ರಕರ್ತೆ ಕಶ್ಮೀರ್ ಹಿಲ್ 2016ರಲ್ಲಿ ಬರೆದ ಪ್ರಕಾರ, ಒಬ್ಬ ಮನೋವೈದ್ಯೆಯ ರೋಗಿಗಳನ್ನು ಫೇಸ್‌ಬುಕ್ ಪರಸ್ಪರ ‘ಪರಿಚಿತರಿರಬಹುದು’ ಎಂದು ಸೂಚಿಸತೊಡಗಿತ್ತು. ಮರುವರ್ಷ ಅವರೇ ಬರೆದದ್ದು, ಬೇರೆ ಹೆಸರಿನಲ್ಲಿ ದುಡಿಯುವ ಲೈಂಗಿಕ ಕಾರ್ಯಕರ್ತೆಯರ ಸ್ವಂತ ಖಾತೆಗಳಿಗೆ ಗಿರಾಕಿಗಳ ಹೆಸರು, ಗಿರಾಕಿಗಳಿಗೆ ಇವರ ನಿಜ ಹೆಸರು ಹೋಗುತ್ತಿದ್ದ ಬಗ್ಗೆ. ಇಂಥ ಸೂಚನೆಗಳಿಗೆ ಒಂದು ಮುಖ್ಯ ಮೂಲ, ಜನ ಆ್ಯಪ್‌ಗಳಿಗೆ ಒಪ್ಪಿಸುವ ತಮ್ಮ ಕಾಂಟ್ಯಾಕ್ಟ್ ಪಟ್ಟಿ. ಹೆಲ್ಸಿಂಗಿಯಸ್ ಬಳಿ ಪಟ್ಟಿ ಒಂದೇ ಇತ್ತು, ಅದು ಎಲ್ಲಿದೆ ಎಂದು ಗೊತ್ತಿತ್ತು. ಈಗ ಅದರ ಚೂರುಗಳು ಹಾಲು ಹಾಕುವವರ, ಹಳೆಯ ಸಹೋದ್ಯೋಗಿಯ, ದೂರದ ಅತ್ತೆಯ ಫೋನುಗಳಲ್ಲಿವೆ. ಎಷ್ಟೇ ಎಚ್ಚರದಿಂದ ಎರಡು ಖಾತೆ ಇಟ್ಟುಕೊಂಡವರಿಗೂ ಅವನ್ನು ಅಳಿಸುವ ದಾರಿಯಿಲ್ಲ.

ಭಾರತದಲ್ಲಿ ಈ ಪ್ರಶ್ನೆಯನ್ನು ಕಟಕಟೆಗೆ ತಂದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಆ ಮೊಕದ್ದಮೆಯಲ್ಲೇ. ಆಧಾರ್‌ನ ಬಗ್ಗೆ ಇದ್ದ ಆತಂಕಗಳಲ್ಲಿ ದೊಡ್ಡದು ಬ್ಯಾಂಕು, ಸಿಮ್ಮು, ರೇಷನ್ನು, ಆಸ್ಪತ್ರೆ ಎಲ್ಲೆಡೆ ಒಂದೇ ಸಂಖ್ಯೆ ಬಿದ್ದರೆ ಯಾವ ಎರಡು ಕಡತಗಳನ್ನಾದರೂ ಹೊಲಿಯಬಹುದು ಎಂಬುದು. ಚಾಮ್ 1985ರಲ್ಲಿ ತಪ್ಪಿಸಲು ನೋಡಿದ್ದು ಇದನ್ನೇ.

2018ರ ಜನವರಿ ಮೊದಲ ವಾರದಲ್ಲಿ ಚಂಡೀಗಢದ ಟ್ರಿಬ್ಯೂನ್ ಪತ್ರಿಕೆ, 500 ರೂಪಾಯಿಗೆ ಆಧಾರ್ ವಿವರಗಳನ್ನು ನೋಡುವ ಲಾಗಿನ್ ಸಿಗುತ್ತಿದೆ ಎಂದು ವರದಿ ಮಾಡಿತು. ಬಯೋಮೆಟ್ರಿಕ್ ಮಾಹಿತಿ ಸೋರಿಲ್ಲ ಎಂದು ಪ್ರಾಧಿಕಾರ ಉತ್ತರಿಸಿತು. ಜನವರಿ 10ರಂದು ಅದೇ ಪ್ರಾಧಿಕಾರ ಎರಡು ಹೊಸ ವ್ಯವಸ್ಥೆಗಳನ್ನು ಪ್ರಕಟಿಸಿತು. ಒಂದು, ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ, ಬೇಕಾದಾಗ ಬದಲಿಸಬಹುದಾದ 16 ಅಂಕಿಗಳ ವರ್ಚುವಲ್ ಐಡಿ. ಇನ್ನೊಂದು, ಒಂದೊಂದು ಸಂಸ್ಥೆಗೂ ಒಬ್ಬರೇ ವ್ಯಕ್ತಿಯ ಬಗ್ಗೆ ಬೇರೆ ಬೇರೆಯಾಗಿ ಸಿಗುವ 72 ಅಕ್ಷರಗಳ ಟೋಕನ್. ಈ ಸಂಸ್ಥೆಯ ಟೋಕನ್ನಿಗೂ ಆ ಸಂಸ್ಥೆಯ ಟೋಕನ್ನಿಗೂ ತಾಳೆಯಾಗುವುದಿಲ್ಲ. ಕಾಗದದ ಮೇಲೆ ಅದು ಚಾಮ್ ಅವರ ಕನಸಿಗೆ ತೀರ ಹತ್ತಿರ. ವ್ಯತ್ಯಾಸ ಇಷ್ಟೇ: ಚಾಮ್ ಕೀಲಿಯನ್ನು ವ್ಯಕ್ತಿಯ ಜೇಬಿನಲ್ಲಿಟ್ಟಿದ್ದರು, ಇಲ್ಲಿ ಟೋಕನ್ನಿಗೂ ಮನುಷ್ಯರಿಗೂ ನಂಟು ಹಾಕುವ ರಿಜಿಸ್ಟರು ಪ್ರಾಧಿಕಾರದ ಬಳಿಯೇ ಉಳಿಯಿತು. ಅಷ್ಟು ಹೊತ್ತಿಗೆ ಹನ್ನೆರಡು ಅಂಕಿಯ ಅಸಲಿ ಸಂಖ್ಯೆ ಶಾಲೆ, ಲಾಡ್ಜು, ಗ್ಯಾಸ್ ಏಜೆನ್ಸಿಗಳ ಜೆರಾಕ್ಸ್ ಕಟ್ಟುಗಳಲ್ಲಿ ಸೇರಿ ವರ್ಷಗಳೇ ಆಗಿದ್ದವು. ಎರಡು ಸಂಸ್ಥೆಗಳ ಟೋಕನ್ ಬೇರೆ ಬೇರೆ ಇದ್ದರೂ, ಎರಡರ ಅರ್ಜಿಯಲ್ಲೂ ಮೊಬೈಲ್ ನಂಬರು ಎಂಬ ಜಾಗದಲ್ಲಿ ಜನ ತುಂಬುತ್ತಿದ್ದದ್ದು ಅದೇ ಹತ್ತು ಅಂಕಿಗಳನ್ನು.